ಬೆತ್ತ ಬಿಟ್ಟ ಮೇಲೆ

ಕಳೆದ ವರ್ಷ ಮಳೆಗಾಲ ಮುಗಿದು ಹೊಲಗಳಲ್ಲಿ ಮೆಕ್ಕೆಜೋಳ ಮುರಿಯುವ ಕೆಲಸ ನಡೆದಿದ್ದ ದಿನಗಳು. ಬಂದಳಿಕೆಗೆ ಸಮೀಪದ ನಮ್ಮ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಸಂಜೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಸೇರಿತ್ತು. ನಾನು ಆ ಸಮಿತಿಯ ಸದಸ್ಯನಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೆಂಬ ಕಾರಣಕ್ಕೆ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಬರಹೇಳಿದ್ದರು.

ಸಭೆಯ ಮುಂದಿದ್ದ ವಿಷಯ ಒಂದೇ. ಹಿಂದಿನ ವಾರ ಎಂಟನೆಯ ತರಗತಿಯ ಮಕ್ಕಳನ್ನು ಬಂದಳಿಕೆಯ ಗುಡಿಗಳನ್ನು ತೋರಿಸಲು ಕರೆದೊಯ್ದಿದ್ದಾಗ ಇಬ್ಬರು ಹುಡುಗರು ಒಂದು ಕಂಬದ ಮೇಲೆ ಮೊಳೆಯಿಂದ ತಮ್ಮ ಹೆಸರು ಗೀಚಿದ್ದರು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳವು. ಅಂಥವನ್ನು ವಿರೂಪಗೊಳಿಸುವುದು 1958ರ ಕಾಯ್ದೆಯಂತೆ ಅಪರಾಧ. ಜೊತೆಗಿದ್ದ ಶಿಕ್ಷಕರು ಗದರಿಸಿದರು. ಹುಡುಗರಲ್ಲೊಬ್ಬ ಎದುರುತ್ತರ ಕೊಟ್ಟ. ಮಾತು ಮನೆಗಳಿಗೆ ಹೋಗಿ ಊರೆಲ್ಲ ಹರಡಿತು.

ಒಬ್ಬ ತಂದೆ ಎದ್ದು ನಿಂತು, “ಮೇಷ್ಟ್ರೇ, ಚರ್ಮ ಸುಲಿದ್ರೂ ಸರಿ, ಹುಡುಗ ಬುದ್ಧಿ ಕಲೀಲಿ. ನಾನೇ ಬರೆದುಕೊಡ್ತೀನಿ” ಎಂದರು. ಇನ್ನೊಬ್ಬ ಹುಡುಗನ ತಾಯಿ, “ನನ್ನ ಮಗನ ಮೈ ಮುಟ್ಟಿದರೆ ನಾನು ಠಾಣೆಗೆ ಹೋಗೋಳು” ಎಂದರು. ಹಿಂದೆ ಕುಳಿತಿದ್ದ ಹಿರಿಯರೊಬ್ಬರು, “ಇಬ್ಬರಿಗೂ ಟಿ.ಸಿ. ಕೊಟ್ಟು ಕಳಿಸಿ, ಉಳಿದವರಿಗೆ ಪಾಠವಾಗ್ತದೆ” ಎಂದು ತೀರ್ಪು ಹೇಳಿದರು. ಮುಖ್ಯೋಪಾಧ್ಯಾಯಿನಿಯವರು ಯಾರಿಗೂ ಉತ್ತರ ಹೇಳಲಿಲ್ಲ. ಕೊನೆಗೆ ಎಲ್ಲರೂ ನನ್ನತ್ತ ತಿರುಗಿದರು. “ನಿಮ್ಮ ಕಾಲದಲ್ಲಿ ಹೀಗಿತ್ತೇ, ಅಜ್ಜಾರೆ?” ಎಂಬ ಪ್ರಶ್ನೆ ಬಂದಿತು.

ನಮ್ಮ ಕಾಲದಲ್ಲಿ ಹೇಗಿತ್ತೆಂಬುದನ್ನು ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕಾಯಿತು. ಏಕೆಂದರೆ ಹಳೆಯ ಕಾಲವನ್ನು ಹೊಗಳುವುದು ಸುಲಭ. ಹಾಗೆ ಹೊಗಳುವಾಗ ನಾವು ನಮ್ಮನ್ನೇ ಹೊಗಳಿಕೊಳ್ಳುತ್ತಿರುತ್ತೇವೆ.

ನಾನು ಹತ್ತನೆಯ ವಯಸ್ಸಿಗೆ ಮಠವೊಂದರ ವಟುವಾಗಿ ಸೇರಿದವನು. ಬೆಳಗಿನ ಜಾವ ಎದ್ದು ಸ್ನಾನ, ಪೂಜೆ, ಪಾಠ, ಹಗಲು ಶಾಲೆ, ಸಂಜೆ ಪ್ರಾರ್ಥನೆ, ಮತ್ತೆ ಪಾಠ. ಅಮರಕೋಶ ಒಪ್ಪಿಸುವಾಗ ತಪ್ಪಿದರೆ ನಾಗರಬೆತ್ತದ ರುಚಿ ಕಾಣಬೇಕಾಗಿತ್ತು. ಒಮ್ಮೆ ಬಲಗೈಯ ನಡುಬೆರಳು ಬಾತು ನಾಲ್ಕು ದಿನ ತುತ್ತು ಎತ್ತಲಾಗಲಿಲ್ಲ. ಆ ದಿನ ತಪ್ಪಿದ ಶ್ಲೋಕ ಯಾವುದೆಂದು ಇಂದು ನೆನಪಿಲ್ಲ; ಏಟು ಬಿದ್ದ ಬೆರಳು ಯಾವುದೆಂಬುದು ಮಾತ್ರ ಮರೆತಿಲ್ಲ.

ಇದು ಒಂದು ಮಠದ ಅಥವಾ ಒಬ್ಬ ಗುರುವಿನ ದೋಷವಲ್ಲ. ಅಂದಿನ ವಿದ್ಯಾಭ್ಯಾಸದ ಪದ್ಧತಿಯೇ ಹಾಗಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬ ಆಂಗ್ಲ ಅಧಿಕಾರಿ ತನ್ನ ಜಿಲ್ಲೆಯ ಊರಶಾಲೆಗಳನ್ನು ಕುರಿತು ಸರ್ಕಾರಕ್ಕೆ ವರದಿ ಬರೆದನು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂದು ಸೊನ್ನೆ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಯಾದವನನ್ನು ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಹಾಕುವುದು, ಎಡೆಬಿಡದೆ ಕೂತು ಏಳಿಸುವುದು ಇದ್ದವೆಂದೂ ಆ ವರದಿಯಲ್ಲಿದೆ. ನಮ್ಮ ಹಿರಿಯರ ಬಾಯಲ್ಲಿ ಉಳಿದಿರುವ ‘ಕೋದಂಡ’, ‘ಬಸ್ಕಿ’ ಎಂಬ ಮಾತುಗಳು ಕೂಲಿಮಠದ ಈ ಪದ್ಧತಿಯಿಂದ ಬಂದವು. ಒಂದೇ ಶಾಲೆಯಲ್ಲಿ ಒಂದು ಅಂಗೈಯ ಮೇಲೆ ಸರಸ್ವತಿಯ ಹೆಸರು, ಇನ್ನೊಂದರ ಮೇಲೆ ಬಾಸುಂಡೆ! ತಡವಾಗಿ ಬಂದ ಹುಡುಗ ಯಾಕೆ ತಡವಾದನೆಂದು ಕೇಳುವ ಏರ್ಪಾಡು ಮಾತ್ರ ಅಲ್ಲಿ ಕಾಣುವುದಿಲ್ಲ.

ಆದರೆ ಅದೇ ಮಠದ ಅಡುಗೆಮನೆಯಲ್ಲಿ ನಾನು ಬೇರೊಂದು ಬಗೆಯ ಶಿಸ್ತನ್ನೂ ಕಂಡೆನು. ಒಂದು ದಿನ ರೊಟ್ಟಿ ಗಟ್ಟಿಯಾಗಿದೆಯೆಂದು ಅರ್ಧ ತಿಂದು ಉಳಿದುದನ್ನು ಹಿತ್ತಿಲಿಗೆ ಎಸೆದಿದ್ದೆ. ಅಡುಗೆಯ ಮುದುಕಯ್ಯ ಅದನ್ನು ನೋಡಿದರು. ಬೈಯಲಿಲ್ಲ, ಗುರುಗಳಿಗೆ ಹೇಳಲಿಲ್ಲ. “ನಾಳೆಯಿಂದ ಎಂಟು ದಿನ ನನ್ನ ಸಂಗಡ ಜೋಳಿಗೆ ಹಿಡಿದು ಬಾ” ಎಂದಷ್ಟೇ ಹೇಳಿದರು. ಅವರು ಮುಂದೆ, ನಾನು ಹಿಂದೆ. ಮನೆ ಮನೆಯ ಬಾಗಿಲಲ್ಲಿ ನಿಂತೆವು. ಐದನೆಯ ದಿನವೋ ಆರನೆಯ ದಿನವೋ, ಗುಡಿಸಲಿನಿಂದ ಹೊರಬಂದ ಒಬ್ಬ ವಿಧವೆ ಮಡಕೆಯ ತಳವನ್ನು ಕೈಯಿಂದ ಬಳಿದು ಒಂದು ಹಿಡಿ ಜೋಳವನ್ನು ನನ್ನ ಜೋಳಿಗೆಗೆ ಹಾಕಿ ಕೈಮುಗಿದಳು. ಮಡಕೆಯ ತಳಕ್ಕೆ ಅವಳ ಬೆರಳು ತಾಗಿದ ಸದ್ದು ನನಗೆ ಕೇಳಿಸಿತು. ಅಂದಿನಿಂದ ಇಂದಿನವರೆಗೆ ನನ್ನ ತಟ್ಟೆಯಲ್ಲಿ ಒಂದು ಅಗುಳು ಉಳಿದಿಲ್ಲ. ಬೆತ್ತ ಕಲಿಸಲಾರದ್ದನ್ನು ಆ ಮುದುಕಯ್ಯ ನನ್ನೊಡನೆ ನಡೆದು ಕಲಿಸಿದರು.

ಇಷ್ಟನ್ನು ಕಂಡಿದ್ದ ನಾನು ಶಿಕ್ಷಕನಾದ ಮೇಲೆ ಯಾವ ದಾರಿ ಹಿಡಿಯಬೇಕಾಗಿತ್ತು? ಹೇಳಲು ನಾಚಿಕೆಯಾಗುತ್ತದೆ: ನಾನು ಹಿಡಿದದ್ದು ಬೆತ್ತವನ್ನೇ. ಲಕ್ಕಿಯ ಬರಲು ನನ್ನ ಮೇಜಿನ ಮೇಲೆ ಸದಾ ಇರುತ್ತಿತ್ತು. ಪಾಲಕರು ಅದಕ್ಕಾಗಿಯೇ ನನ್ನನ್ನು ಮೆಚ್ಚುತ್ತಿದ್ದರು. ನಾನು ಹೆಜ್ಜೆ ಇಟ್ಟೊಡನೆ ತರಗತಿ ನಿಶ್ಶಬ್ದವಾಗುತ್ತಿತ್ತು. ಆ ನಿಶ್ಶಬ್ದವನ್ನು ನಾನು ಗೌರವವೆಂದು ತಿಳಿದಿದ್ದೆ.

1990ರ ದಶಕದ ಮಾತು. ಒಬ್ಬ ಹುಡುಗ ಸತತವಾಗಿ ಮೂರು ದಿನ ಪ್ರಬಂಧ ಬರೆದು ತರಲಿಲ್ಲ. ನಾಲ್ಕನೆಯ ದಿನ ಅವನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಎರಡು ಏಟು ಕೊಟ್ಟೆ. ಅಷ್ಟಕ್ಕೆ ಬಿಡಲಿಲ್ಲ. ಅವನ ಅಂಗಿಯ ತೋಳು ಹರಿದಿತ್ತು. ಅದನ್ನು ತೋರಿಸಿ ಒಂದು ಚಮತ್ಕಾರದ ಮಾತು ಆಡಿದೆ. ಇಡೀ ಶಾಲೆ ನಕ್ಕಿತು. ನಾನೂ ನಕ್ಕೆ. ಹುಡುಗ ಮರುದಿನ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲಕಾಲ ಗೈರುಹಾಜರಿಯ ಗುರುತು ಹಾಕಿ, ಕೊನೆಗೆ ಅವನ ಹೆಸರಿಗೆ ಕೆಂಪು ಗೆರೆ ಎಳೆದೆ.

ಹದಿನೈದು ವರ್ಷಗಳ ನಂತರ ಶಿರಾಳಕೊಪ್ಪದ ಸಂತೆಯಲ್ಲಿ ಶುಂಠಿಯ ಮೂಟೆ ಇಳಿಸುತ್ತಿದ್ದವನೊಬ್ಬ ನನ್ನನ್ನು ಗುರುತಿಸಿ ಬಳಿಗೆ ಬಂದ. ಅವನೇ. ಬಾಗಿ ನಮಸ್ಕರಿಸಿದ. ಕುಶಲ ವಿಚಾರಿಸಿದೆ. ಮಗ ಶಾಲೆಗೆ ಹೋಗುತ್ತಾನೆಂದು ಹೇಳಿ, ತಲೆ ತಗ್ಗಿಸಿ, “ಬಿಡೋಕೆ ನಾನು ಹೋಗಲ್ಲ ಮೇಷ್ಟ್ರೇ, ಅವರವ್ವನೇ ಹೋಗ್ತಾಳೆ. ಶಾಲೆ ಗೇಟು ಕಂಡರೆ ನನಗೆ ಆಗಲ್ಲ” ಎಂದ. ಅಂದು ಹೊಡೆದದ್ದಕ್ಕಾಗಿ ಬೇಸರವೇ ಎಂದು ಕೇಳಿದೆ. “ಹೊಡೆತ ಮರೆತು ಹೋಯ್ತು. ಅಂಗಿ ಮೇಲೆ ಒಂದು ಮಾತು ಹೇಳಿದ್ರಲ್ಲ, ಅದು ಹೋಗಲಿಲ್ಲ” ಎಂದ. ಆ ಮಾತನ್ನು ಅವನೇ ನನಗೆ ಒಪ್ಪಿಸಿದ. ನಾನು ಅದನ್ನು ಪೂರ್ತಿಯಾಗಿ ಮರೆತಿದ್ದೆ. ಪ್ರಬಂಧ ಯಾಕೆ ತಂದಿರಲಿಲ್ಲವೆಂದು ಅಂದು ಕೇಳದಿದ್ದುದನ್ನು ಈಗ ಕೇಳಿದೆ. ಅವನಲ್ಲಿ ನೋಟುಪುಸ್ತಕವೇ ಇರಲಿಲ್ಲವಂತೆ.

ಆ ಭೇಟಿಯ ಆಸುಪಾಸಿನಲ್ಲಿಯೇ ಕಾನೂನೂ ಬಂದಿತು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ 2009ರ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ ಈ ಕಾಯ್ದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮಗಳಂತೆ ಶಿಸ್ತುಕ್ರಮ ಜರುಗಿಸಬೇಕೆನ್ನುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂದು 16ನೆಯ ಪ್ರಕರಣ ಹೇಳುತ್ತದೆ. ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ವಿಷಯದಲ್ಲಿ 2019ರಲ್ಲಿ ತಿದ್ದುಪಡಿಯಾಯಿತಾದರೂ ಹೊರಹಾಕುವುದರ ಮೇಲಿನ ನಿಷೇಧ ಹಾಗೆಯೇ ಉಳಿದಿದೆ. ಎಂದರೆ, ನಮ್ಮ ಸಭೆಯಲ್ಲಿ ತಂದೆ ಬರೆದುಕೊಡುತ್ತೇನೆಂದ ಒಪ್ಪಿಗೆಗೂ ಹಿರಿಯರು ಹೇಳಿದ ಟಿ.ಸಿ.ಗೂ ಕಾನೂನಿನಲ್ಲಿ ಜಾಗವಿಲ್ಲ. ಮಗುವಿನ ಮೈಯನ್ನು ತಂದೆಯೂ ಶಿಕ್ಷಕನಿಗೆ ಬರೆದುಕೊಡಲಾರ.

ಕಾಯ್ದೆಯ ಸುತ್ತೋಲೆ ಬಂದಾಗ ನನಗೆ ಮೊದಲು ಸಿಟ್ಟು ಬಂದಿತ್ತು. ಬೆತ್ತವನ್ನು ಕಪಾಟಿನಲ್ಲಿಟ್ಟೆ, ಅದರೊಡನೆ ಕಾಳಜಿಯನ್ನೂ ಇಟ್ಟುಬಿಟ್ಟೆ. “ಹೊಡೆಯುವಂತಿಲ್ಲ, ಬೈಯುವಂತಿಲ್ಲ, ನಮಗೇಕೆ?” ಎಂದು ನಾವು ಕೆಲವರು ಶಿಕ್ಷಕರು ಕೊಠಡಿಯಲ್ಲಿ ಕುಳಿತು ಮಾತಾಡಿಕೊಳ್ಳುತ್ತಿದ್ದೆವು. ಹುಡುಗರು ಗಲಾಟೆ ಮಾಡಿದರೆ ಕಿಟಕಿಯ ಹೊರಗೆ ನೋಡುತ್ತಿದ್ದೆವು. ಏಟಿಗಿಂತ ಆ ಉಪೇಕ್ಷೆ ಮಗುವಿಗೆ ಹೆಚ್ಚು ಕ್ರೂರವೆಂದು ತಿಳಿಯಲು ನನಗೆ ಮತ್ತೊಂದೆರಡು ವರ್ಷ ಬೇಕಾಯಿತು. ಇಂದಿನ ಶಾಲೆಗಳಲ್ಲಿ ಶಿಸ್ತು ಕೆಟ್ಟಿದೆಯೆನ್ನುವವರು ಬೆತ್ತ ಹೋದದ್ದನ್ನು ಮಾತ್ರ ಕಾಣುತ್ತಾರೆ. ಬೆತ್ತದ ಜಾಗದಲ್ಲಿ ನಾವು ಏನನ್ನೂ ಇಡಲಿಲ್ಲವೆಂಬುದೇ ನಿಜವಾದ ತೊಂದರೆ.

ನಮ್ಮ ಸೀಮೆಯ ಕಲ್ಲುಗಳೇ ಈ ವಿಷಯದಲ್ಲಿ ನಮಗೆ ಬುದ್ಧಿ ಹೇಳುತ್ತವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಸ್ತಂಭಶಾಸನವಿದೆ. ಕುಬ್ಜನೆಂಬ ಕವಿ ರಚಿಸಿದ ಆ ಶಾಸನದಲ್ಲಿ ಮಯೂರಶರ್ಮನ ಕಥೆ ಬರುತ್ತದೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕೆಂದು ಹೋದ ಆ ವಿದ್ಯಾರ್ಥಿ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಜಗಳದಿಂದ ಕುಪಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಕದಂಬ ರಾಜ್ಯ ಹುಟ್ಟಿತು. ನಾವು ಈ ಕಥೆಯನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಶಿಕ್ಷಕನ ಕಣ್ಣಿನಿಂದ ನೋಡಿದರೆ, ಅವಮಾನಿತನಾದ ಒಬ್ಬ ವಿದ್ಯಾರ್ಥಿ ಓದನ್ನು ಬಿಟ್ಟ ಕಥೆಯೂ ಅದರಲ್ಲಿದೆ. ಅವಮಾನಿತರಾದವರೆಲ್ಲ ರಾಜ್ಯ ಕಟ್ಟುವುದಿಲ್ಲ. ಬಹುಮಂದಿ ಸಂತೆಯಲ್ಲಿ ಮೂಟೆ ಇಳಿಸುತ್ತಾರೆ.

ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದ ಆ ಸ್ಥಳದಲ್ಲಿಯೇ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನದಾನ ನಡೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಭಯಗೊಂಡವರಿಗೆ ಅಭಯ ದೊರೆಯುತ್ತಿತ್ತು. ಓದುವ ಹುಡುಗ ಪಾಠದ ನಡುವೆ ತಲೆಯೆತ್ತಿ ನೋಡಿದರೆ ಹಸಿದವನಿಗೆ ಉಣಬಡಿಸುವುದು ಕಾಣುತ್ತಿತ್ತು. ಬಾಯಿಂದ ಹೇಳದ ಪಾಠ ಅದು.

ಈಗಿನ ನಮ್ಮ ಉಪಾಯ ಬೇರೆ. 2024ರಲ್ಲಿ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ದೂರದಿಂದ ನೋಡುವ ವ್ಯವಸ್ಥೆ ಬಂದಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಕಲು ತಡೆಯಲು ಕ್ಯಾಮೆರಾ ಬೇಕಾಗಿದ್ದಿರಬಹುದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಕಣ್ಣಿಟ್ಟಾಗ ಮಾತ್ರ ನೆಟ್ಟಗೆ ಕೂರುವ ಮಗುವನ್ನು ಬೆಳೆಸಿದವರು ನಾವಲ್ಲದೆ ಮತ್ತಾರು? ನನ್ನ ಲಕ್ಕಿಯ ಬರಲೂ ಅಂಥ ಒಂದು ಕ್ಯಾಮೆರಾವೇ ಆಗಿತ್ತು. ನಾನು ಕೊಠಡಿ ಬಿಟ್ಟೊಡನೆ ಶಿಸ್ತೂ ಕೊಠಡಿ ಬಿಡುತ್ತಿತ್ತು.

ಶಬ್ದಗಳ ನಡುವೆ ಬದುಕಿದವನಾದುದರಿಂದ ಒಂದು ಶಬ್ದವನ್ನು ಇಲ್ಲಿ ಬಿಡಿಸಿ ತೋರಿಸಲು ಓದುಗರು ಅನುಮತಿ ಕೊಡಬೇಕು. ಕನ್ನಡದಲ್ಲಿ ನಾವು ‘ಶಿಕ್ಷೆ’ ಎಂದರೆ ದಂಡನೆಯೆಂದು ತಿಳಿಯುತ್ತೇವೆ. ಸಂಸ್ಕೃತದ ‘ಶಿಕ್ಷಾ’ ಎಂಬುದು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದದ್ದು. ‘ಶಕ್ತನಾಗಬೇಕೆಂಬ ಬಯಕೆ’ ಎಂಬುದು ಅದರ ಮೂಲಾರ್ಥ. ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲವೂ ಒಂದೇ ಬೇರಿನವು. ಬಯಕೆ ಮಗುವಿನಲ್ಲಿ ಹುಟ್ಟಬೇಕು, ಹುಟ್ಟಿಸುವುದು ಹಿರಿಯರ ಕೆಲಸ. ಭಯದಿಂದ ಓಡುವುದನ್ನು ಕಲಿಸಬಹುದು, ಬಯಸುವುದನ್ನು ಕಲಿಸಲಾಗದು.

ಸಭೆಯಲ್ಲಿ ಇಷ್ಟನ್ನೆಲ್ಲ ಹೇಳಲಿಲ್ಲ. ಸಂತೆಯಲ್ಲಿ ಸಿಕ್ಕಿದ ನನ್ನ ಹಳೆಯ ವಿದ್ಯಾರ್ಥಿಯ ಕಥೆಯನ್ನು ಮಾತ್ರ ಹೇಳಿದೆ. ಕೆಲಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಒಬ್ಬರು, “ಹಾಗಾದರೆ ಇಬ್ಬರಿಂದಲೂ ಗುಡಿಯ ಆವರಣದ ಕಸ ತೆಗೆಸೋಣ” ಎಂದರು. ಮುಖ್ಯೋಪಾಧ್ಯಾಯಿನಿಯವರು ಹಿಂಜರಿದರು, ಅದು ಸಕಾರಣವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಕೇಳಿ ನಾಡೇ ತಲೆತಗ್ಗಿಸಿತ್ತು. ಬಡವರ ಮಕ್ಕಳಿಗೆ ಕೊಳೆಯ ಕೆಲಸವನ್ನು ದಂಡನೆಯಾಗಿ ಕೊಡುವುದು ಶಿಸ್ತಲ್ಲ. ಅದು ಕಾಯಕಕ್ಕೂ ಅಪಚಾರ. ಕೆಲಸವನ್ನು ದಂಡನೆ ಮಾಡಿದರೆ ಮಗು ಕೆಲಸವನ್ನೇ ಹೇಸುತ್ತದೆ. ಆಗ ನನಗೆ ಜೋಳಿಗೆಯ ಮುದುಕಯ್ಯ ನೆನಪಾದರು. “ಅವರನ್ನು ಕಳಿಸುವುದು ಬೇಡ, ನಾವೇ ಅವರ ಸಂಗಡ ಹೋಗೋಣ” ಎಂದೆ.

ಮುಂದಿನ ಭಾನುವಾರ ಹೋದೆವು. ಇಬ್ಬರು ಹುಡುಗರು, ಚರ್ಮ ಸುಲಿಯಿರೆಂದ ತಂದೆ, ಠಾಣೆಗೆ ಹೋಗುವೆನೆಂದ ತಾಯಿ, ಗದರಿಸಿದ ಶಿಕ್ಷಕರು, ಮುಖ್ಯೋಪಾಧ್ಯಾಯಿನಿಯವರು ಮತ್ತು ನಾನು. ಕಾವಲಿನವರಿಗೆ ನಡೆದುದನ್ನು ಹುಡುಗರೇ ಹೇಳಿದರು. ಗೀಚನ್ನು ಉಜ್ಜಿ ತೆಗೆಯುತ್ತೇವೆಂದು ಒಬ್ಬ ಹುಡುಗ ಕಲ್ಲು ಎತ್ತಿಕೊಂಡಿದ್ದ. ಉಜ್ಜಿದರೆ ಕಂಬ ಇನ್ನಷ್ಟು ಕೆಡುತ್ತದೆ, ಅದನ್ನು ಇಲಾಖೆಯ ಬಲ್ಲವರೇ ನೋಡಬೇಕು ಎಂದು ಅವನ ಕೈಯಿಂದ ಕಲ್ಲನ್ನು ತೆಗೆಸಬೇಕಾಯಿತು. ಮಾಡಿದ್ದನ್ನು ತನ್ನ ಕೈಯಿಂದ ಸರಿಪಡಿಸಲಾಗದೆಂದು ತಿಳಿದಾಗ ಆ ಹುಡುಗನ ಮುಖ ಬಾಡಿತು. ಯಾವ ಬೆತ್ತಕ್ಕೂ ಹಾಗೆ ಬಾಡುತ್ತಿರಲಿಲ್ಲ.

ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಶಾಂತಿನಾಥ ಬಸದಿಗಳನ್ನು ಸುತ್ತಿದೆವು. ಬಸದಿಯ ನೆರಳಿನಲ್ಲಿ ಕುಳಿತು ಜಕ್ಕಿಯಬ್ಬೆಯ ಕಥೆ ಹೇಳಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಹೆಣ್ಣಾಗಿ ಸಾವಿರದ ನೂರು ವರ್ಷಗಳ ಹಿಂದೆ ಅವಳು ಈ ನಾಡನ್ನು ಸಮರ್ಥವಾಗಿ ಆಳಿದಳು. ಕೊನೆಗೆ ರೋಗ ಬಂದಾಗ ಮಗಳಿಗೆ ಆಡಳಿತ ಒಪ್ಪಿಸಿ ಇಲ್ಲಿಗೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ರಾಷ್ಟ್ರಕೂಟರ ಕಾಲದ, 918ರ ಬಂದಳಿಕೆಯ ಶಾಸನದಿಂದ ನಮಗೆ ಇದು ತಿಳಿದಿದೆ.

ಎದುರುತ್ತರ ಕೊಟ್ಟಿದ್ದ ಹುಡುಗ ಆಗ ಕೇಳಿದ: “ಅಜ್ಜಾ, ಅವರೂ ಕಲ್ಲಿನ ಮೇಲೇ ಕೆತ್ತಿದ್ದಲ್ವಾ? ಅವರು ಕೆತ್ತಿದ್ರೆ ಶಾಸನ, ನಾವು ಕೆತ್ತಿದ್ರೆ ತಪ್ಪಾ?”

ಅವನ ತಂದೆ ಕೈಯೆತ್ತಿದರು. ನಾನು ತಡೆದೆ. ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಹುಶಃ ಕೇಳಲು ನಾನು ಬಿಟ್ಟಿರಲಿಲ್ಲ. ಉತ್ತರ ಕೂಡಲೇ ಹೊಳೆಯಲಿಲ್ಲವೆಂದು ಒಪ್ಪಿಕೊಂಡೆ. ಎಲ್ಲರೂ ಕೂಡಿ ಯೋಚಿಸಿದೆವು. ಅವನ ತರಗತಿಯ ಗೆಳೆಯನೇ, “ಅವರು ಏನೋ ಮಾಡಿದ್ರು, ಅದಕ್ಕೆ ಬೇರೆಯವರು ಬರೆದ್ರು. ನಾವು ಏನೂ ಮಾಡದೆ ನಾವೇ ಬರ್ಕೊಂಡ್ವಿ” ಎಂದ. ಇದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಅಲ್ಲಿಂದ ಬಂದ ಮೇಲೆ ಶಾಲೆಯ ನಡವಳಿಕೆಯ ನಿಯಮಗಳನ್ನು ಮಕ್ಕಳನ್ನೇ ಕೂರಿಸಿಕೊಂಡು ಬರೆಯಲಾಯಿತು. ಹೊತ್ತಿಗೆ ಸರಿಯಾಗಿ ಬರುವುದು, ಊಟದ ಸಾಲಿನಲ್ಲಿ ಚಿಕ್ಕವರನ್ನು ಮುಂದೆ ಬಿಡುವುದು, ಹೆಸರಿಟ್ಟು ಹಂಗಿಸದಿರುವುದು ಇವು ಮಕ್ಕಳು ತಮಗೆ ಹಾಕಿಕೊಂಡ ಕಟ್ಟಳೆಗಳು. ಬಳಿಕ ಹಿರಿಯರಿಗೂ ಕೆಲವನ್ನು ಹೇಳಿದರು: ಪಾಠದ ಹೊತ್ತಿನಲ್ಲಿ ಮೇಷ್ಟ್ರು ಮೊಬೈಲ್ ನೋಡಬಾರದು, ಅಪ್ಪ ಅವ್ವ ನಮ್ಮೆದುರು ಮೇಷ್ಟ್ರನ್ನು ಬೈಯಬಾರದು, ತಪ್ಪು ಮಾಡಿದಾಗ ಮೊದಲು ನಮ್ಮ ಮಾತು ಕೇಳಬೇಕು. ಕೊನೆಯದನ್ನು ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತಿತು.

ಇದರಿಂದ ಎಲ್ಲವೂ ನೇರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪ್ರಶ್ನೆ ಕೇಳಿದ ಹುಡುಗ ವರ್ಷದ ಕೊನೆಯವರೆಗೂ ವಾರದಲ್ಲಿ ಎರಡು ದಿನ ತಡವಾಗಿಯೇ ಬರುತ್ತಿದ್ದ. ಕೇಳಿದಾಗ ತಿಳಿಯಿತು: ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ಅವನ ಪಾಲಿನ ಕೆಲಸ. ತಂದೆಯೊಡನೆ ಮಾತಾಡಿ ಆ ಎರಡು ದಿನವನ್ನು ಒಂದಕ್ಕಿಳಿಸಲು ಮೂರು ತಿಂಗಳು ಹಿಡಿಯಿತು. ಬೆತ್ತವಿದ್ದರೆ ಮೂರೇ ನಿಮಿಷ ಸಾಕಾಗುತ್ತಿತ್ತು. ಆದರೆ ಹುಡುಗ ಶಾಲೆಯಲ್ಲಿ ಉಳಿದ. ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ.

ಈ ಪತ್ರಿಕೆಯನ್ನು ಮನೆಮಂದಿಯೆಲ್ಲ ಓದುತ್ತಾರೆಂದು ಬಲ್ಲೆ. ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಹೊಡೆಯಿರೆಂದು ಶಿಕ್ಷಕರಿಗೆ ಬರೆದುಕೊಡಬೇಡಿ. ಗದರಿಸಿದರೆಂದು ಠಾಣೆಗೂ ಓಡಬೇಡಿ. ತಿಂಗಳಿಗೊಮ್ಮೆಯಾದರೂ ಶಾಲೆಯ ಬಾಗಿಲಿಗೆ ಹೋಗಿ ನಿಲ್ಲಿ. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂದು ಕಾನೂನೇ ಹೇಳುತ್ತದೆ. ಆ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಶಿಕ್ಷಕ ಬಂಧುಗಳಲ್ಲಿ ನಾನು ಕೇಳುವುದು ಇನ್ನೂ ಕಡಿಮೆ: ಮಗುವಿನ ಅಂಗಿಯ ಬಗ್ಗೆ ಮಾತಾಡುವ ಮುನ್ನ ಅದರ ಚೀಲದಲ್ಲಿ ನೋಟುಪುಸ್ತಕ ಇದೆಯೇ ಎಂದು ನೋಡಿ.

ಕಂಬದ ಮೇಲಿನ ಆ ಗೀಚು ಇನ್ನೂ ಇದೆ. ಈ ವರ್ಷ ಹೊಸ ತರಗತಿಯ ಮಕ್ಕಳನ್ನು ಬಂದಳಿಕೆಗೆ ಕರೆದೊಯ್ದಾಗ, ಭಾನುವಾರದ ರಜೆಯಲ್ಲಿದ್ದ ಆ ಇಬ್ಬರು ಹುಡುಗರೂ ಕೂಡಿ ಬಂದಿದ್ದರು. ತಮ್ಮ ಹೆಸರಿನ ಮುಂದೆ ತಾವೇ ನಿಂತು, ನಡೆದುದನ್ನು ಚಿಕ್ಕವರಿಗೆ ಹೇಳಿದರು. ನಾನು ದೂರದ ಜಗುಲಿಯ ಮೇಲೆ ಕುಳಿತಿದ್ದೆ. ಹೇಳಿದ್ದೇನೆಂದು ನನಗೆ ಕೇಳಿಸಲಿಲ್ಲ. ಅಂದು ಯಾರ ಕೈಯಲ್ಲೂ ಮೊಳೆ ಇರಲಿಲ್ಲ.